ಮೇಲಿಂದ ನೋಡಿದ್ರೆ ಎಲ್ಲಾ ತಣ್ಣಗಿದೆ ಸ್ವಾಮಿ

2015ರ ಫೆಬ್ರವರಿಲಿ ಅಮೆರಿಕದ ಸೆನೆಟ್‌ನಲ್ಲಿ ಜೇಮ್ಸ್ ಇನ್‌ಹೋಫ್ ಅನ್ನೋ ಹಿರಿಯರು ಪ್ಲಾಸ್ಟಿಕ್ ಕವರ್‌ನಿಂದ ಒಂದು ಹಿಮದ ಉಂಡೆ ತೆಗೆದು, ನೋಡ್ರಪ್ಪಾ ಹೊರಗೆ ಎಷ್ಟು ಚಳಿ ಇದೆ, ಎಲ್ಲಿ ನಿಮ್ಮ ತಾಪಮಾನ ಏರಿಕೆ ಅಂತ ಎಸೆದೇಬಿಟ್ರು. ಅದೇ ವರ್ಷ ಡಿಸೆಂಬರ್‌ಲಿ ಇನ್ನೊಬ್ಬ ಸೆನೆಟರ್ ಟೆಡ್ ಕ್ರೂಜ್ ಸಾಹೇಬ್ರು ಬಂದ್ರು. ಇವ್ರು ಓದ್ಕೊಂಡೋರು, ಉಂಡೆ ಗಿಂಡೆ ಎಲ್ಲ ಇಲ್ಲ, ಸೀದಾ ಉಪಗ್ರಹದಿಂದ ಲೆಕ್ಕ ಹಾಕಿದ ತಾಪಮಾನದ ಗ್ರಾಫೇ ತಂದಿದ್ರು. 18 ವರ್ಷದಿಂದ ಭೂಮಿ ಬಿಸಿನೇ ಆಗಿಲ್ಲವಂತೆ!

ಗ್ರಾಫ್ ಶುರುವಾಗಿದ್ದು ಎಲ್ಲಿಂದ ಗೊತ್ತಾ? 1997-98ರ ಭಯಂಕರ ಎಲ್ ನಿನೋ ಹೊತ್ತಿಂದ, ಅಂದ್ರೆ ಪೆಸಿಫಿಕ್ ಸಾಗರ ಕಾದು ಭೂಮಿನೇ ಬಿಸಿ ಏರಿದ್ದ ಹೊತ್ತಿಂದ. ನಮ್ಮಲ್ಲೂ 1998ರಲ್ಲಿ ಈರುಳ್ಳಿ ಕಣ್ಣೀರು ಹಾಕ್ಸಿ ದೆಹಲಿ ಸರ್ಕಾರಾನೇ ಬೀಳ್ಸಿತ್ತಲ್ಲ, ಆ ತಿಂಗಳ ರೇಟಿಂದ ಲೆಕ್ಕ ಶುರು ಮಾಡಿ, ಆಮೇಲೆ ಬೆಲೆ ಏರಿಕೆನೇ ಇಲ್ಲ ಬಿಡಿ ಅಂದ್ಹಾಗಾಯ್ತು.

ಉಪಗ್ರಹ ಸುಳ್ಳು ಹೇಳಲ್ಲ ಅಂತಾರೆ. ಹೌದು, ಹೇಳಲ್ಲ, ಅದು ಟೆಂಪರೇಚರೂ ಹೇಳಲ್ಲ! ಅದರಲ್ಲಿ ಥರ್ಮಾಮೀಟರ್ ನೇತುಹಾಕಿರಲ್ಲ, ಗಾಳಿಲಿರೋ ಆಕ್ಸಿಜನ್ ಹೊರಸೂಸೋ ಮೈಕ್ರೋವೇವ್ ಎಷ್ಟು ಅಂತ ಅಳೀತದೆ ಅಷ್ಟೇ, ಮಿಕ್ಕಿದ್ದೆಲ್ಲ ಕೆಳಗೆ ಕೂತೋರ ಲೆಕ್ಕ. ಅದೂ 1978ರ ಕೊನೆಯಿಂದ ಒಂದಾದ್ಮೇಲೊಂದು ಹಾರಿದ ಹತ್ತಾರು ಉಪಗ್ರಹಗಳ ತುಂಡು ಜೋಡ್ಸಿ ಹೊಲಿದಿರೋ ಕೌದಿ. ಒಂದೊಂದೂ ನಿಧಾನಕ್ಕೆ ಕೆಳಗಿಳೀತದೆ, ಟೈಮೂ ತಪ್ತದೆ, ಮಧ್ಯಾಹ್ನ ಎರಡರ ಸುಮಾರಿಗೆ ಹಾದುಹೋಗ್ಬೇಕಾದ್ದು ವರ್ಷ ಕಳೆದ ಹಾಗೆ ಸಂಜೆ ಕಡೆ ಜಾರ್ತದೆ. ಸಂಜೆ ತಂಪಲ್ವಾ, ಅದನ್ನ ಲೆಕ್ಕದಲ್ಲಿ ಸರಿ ಮಾಡ್ಬೇಕು. ಅಮೆರಿಕದ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಈ ಲೆಕ್ಕ ಹಾಕೋ ವಿಜ್ಞಾನಿಗಳಾದ ಜಾನ್ ಕ್ರಿಸ್ಟಿ, ರಾಯ್ ಸ್ಪೆನ್ಸರ್ ಸರಿ ಮಾಡಿದ್ರು ಕೂಡ, ಆದ್ರೆ ಕೂಡೋ ಕಡೆ ಕಳೆದಿದ್ರು! 2005ರಲ್ಲಿ ಇದೇ ಲೆಕ್ಕ ಹಾಕೋ ಇನ್ನೊಂದು ಟೀಮ್, ಕ್ಯಾಲಿಫೋರ್ನಿಯಾದ ಕಾರ್ಲ್ ಮಿಯರ್ಸ್, ಫ್ರಾಂಕ್ ವೆಂಟ್ಜ್ ಅದನ್ನ ಹಿಡಿದ್ರು, ಹಂಟ್ಸ್‌ವಿಲ್‌ನವರೂ ಒಪ್ಕೊಂಡ್ರು (ಅದು ದೊಡ್ಡ ಗುಣ, ಸೆನೆಟ್‌ನಲ್ಲಿ ಸಿಗಲ್ಲ), ದಶಕಕ್ಕೆ ಸುಮಾರು 0.09 ಡಿಗ್ರಿ ಇದ್ದ ಏರಿಕೆ 0.12 ಆಯ್ತು.

ಇನ್ನೂ ತಮಾಷೆ ಕೇಳಿ. ಕ್ರೂಜ್ ಹಿಡ್ಕೊಂಡು ಬಂದಿದ್ದು ಇದೇ ಮಿಯರ್ಸ್ ಟೀಮ್‌ನ ಡೇಟಾ. ಆ ಮಿಯರ್ಸೇ ಉಪಗ್ರಹಕ್ಕಿಂತ ನೆಲದ ಮೇಲಿನ ಅಳತೆನೇ ಹೆಚ್ಚು ನಂಬಬಹುದು ಅಂತಾರೆ! ಅಡುಗೆ ಮಾಡಿದೋರೇ ಇವತ್ತು ಉಪ್ಪು ಸರಿಯಿಲ್ಲ ಅಂತಿದ್ರೂ ಬಡಿಸೋರು ಕೇಳ್ತಿಲ್ಲ.

ಈಗ ಹಂಟ್ಸ್‌ವಿಲ್‌ನವರ ಸ್ವಂತ ಬಿಸಿ ವರ್ಷಗಳ ಪಟ್ಟಿಲೇ 2024 ಅಷ್ಟೂ ವರ್ಷಗಳನ್ನ ಹಿಂದೆ ಹಾಕಿ ಮೇಲೆ ಕೂತಿದೆ. ಒಳ್ಳೇದೇ ಆಯ್ತು ಬಿಡಿ, ಮುಂದಿನ ಗ್ರಾಫ್ ಎಲ್ಲಿಂದ ಶುರು ಮಾಡ್ಬೇಕು ಅಂತ ಸಾಹೇಬ್ರು ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ.