ತೂತಿಗೆ ತಕ್ಕ ಪಿನ್ನು

"ಎತ್ತಿ ಮುಚ್ಚು" ಎಂಬ ಮಾತು ನಮ್ಮ ಮನೆಯಲ್ಲಿ ಮೂರು ವರ್ಷ ನಡೆಯಿತು. ಹೇಳುತ್ತಿದ್ದವನು ನಾನು, ಕೇಳಿ ಮುಖ ಗಂಟು ಹಾಕುತ್ತಿದ್ದವಳು ಹೆಂಡತಿ. ವಿಷಯ ನನ್ನ 1979ರ ಷೆವರ್ಲೆ ಕಮಾರೊ ಕಾರಿನ ಚಾಲಕನ ಕಡೆಯ ಬಾಗಿಲಿನದು. ತೆರೆದ ಕೂಡಲೇ ಅದು ಬಳಲಿದ ಎತ್ತಿನಂತೆ ಕುಸಿಯುತ್ತಿತ್ತು. ಕೆಳಗೆ ಕೈ ಕೊಟ್ಟು ಎತ್ತಿ ಮುಚ್ಚದಿದ್ದರೆ ಬಾಗಿಲು ಬಂದು ಕಚ್ಚಿಕೊಳ್ಳಬೇಕಾದ, ಕಾರಿನ ಚೌಕಟ್ಟಿನ ಕಂಬದ ಮೇಲಿನ ಕೊಂಡಿಗೆ ಬಡಿದು ವಾಪಸು ಬರುತ್ತಿತ್ತು. ಹಳೆಯ ಕಾರು ಬೇಕೆಂದು ಹಟ ಹಿಡಿದವನು ನಾನೇ ಆದ್ದರಿಂದ ಬಾಗಿಲಿನ ಬಗ್ಗೆ ದೂರುವ ಹಕ್ಕು ಅವಳಿಗಷ್ಟೇ ಇತ್ತು.

ನಾನಿರುವುದು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಇಲ್ಲಿ ಹಳೆಯ ಕಾರು ಇಟ್ಟುಕೊಳ್ಳುವುದು ಹುಚ್ಚು ಅನ್ನಿಸಿಕೊಳ್ಳುವುದಿಲ್ಲ. 1995ರಿಂದ ಹೆಚ್ಚುಕಡಿಮೆ ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆಯೇ ನೆರೆಯುತ್ತದೆ. ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಹಿರಿಯರು ಎಂಜಿನ್, ಕಾರ್ಬ್ಯುರೇಟರ್, ಬಣ್ಣ ಎಂದು ದಿನವಿಡೀ ಮಾತನಾಡುತ್ತಾರೆ. ಬಾಗಿಲಿನ ಕೀಲಿನ ಬಗ್ಗೆ ಮಾತನಾಡಿದವರನ್ನು ನಾನು ಅಲ್ಲಿ ಕಂಡಿಲ್ಲ. ಕೀಲು ಎಂದರೆ ನಮ್ಮ ಹುಬ್ಬಳ್ಳಿಯ ಕಡೆ ಬಿಜಾಗರಿ. ಎರಡು ಕಬ್ಬಿಣದ ತುಂಡು, ನಡುವೆ ಒಂದು ಪಿನ್ನು, ಅಷ್ಟೇ. ಹೆಮ್ಮೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಆದರೆ ಅದು ಹೊರುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಎರಡೇ ಬಾಗಿಲಿನ ಕಾರು ಇದು. ಹಿಂದಿನ ಸೀಟಿಗೂ ಅದೇ ಬಾಗಿಲಿನಿಂದ ನುಸುಳಬೇಕಾದ್ದರಿಂದ ಬಾಗಿಲು ಬಲು ಉದ್ದ. ಪಕ್ಕದಿಂದ ಗುದ್ದಿದರೆ ತಡೆಯಲೆಂದು ಬಾಗಿಲಿನ ಹೊಟ್ಟೆಯೊಳಗೆ ಉಕ್ಕಿನ ತೊಲೆ ಬೇರೆ. 1973ರಿಂದ ಅಮೆರಿಕದಲ್ಲಿ ಕಾರಿನ ಪಕ್ಕದ ಬಾಗಿಲು ಇಂತಿಷ್ಟು ಬಲ ತಡೆಯಬೇಕೆಂಬ ನಿಯಮವೇ ಬಂದಿತು. ತೂಕ 40 ಕಿಲೋ ಎಂದಿಟ್ಟುಕೊಳ್ಳೋಣ. ಆ ತೂಕದ ನಡುಬಿಂದು ಕೀಲಿನಿಂದ 60 ಸೆಂ.ಮೀ. ದೂರ, ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ 30 ಸೆಂ.ಮೀ. ಅಂತರ. ಆಗ ತೆರೆದ ಬಾಗಿಲು ಮೇಲಿನ ಪಿನ್ನನ್ನು 80 ಕಿಲೋ ಭಾರದಷ್ಟು ಜೋರಾಗಿ ಹೊರಗೆ ಜಗ್ಗುತ್ತದೆ, ಕೆಳಗಿನದನ್ನು ಅಷ್ಟೇ ಜೋರಾಗಿ ಒಳಕ್ಕೆ ಒತ್ತುತ್ತದೆ. ಇಳಿಯುವಾಗ ಬಾಗಿಲಿನ ಮೇಲೆ ಮೊಣಕೈ ಊರಿ ಏಳುವವರ ಭಾರ ಇದಕ್ಕೆ ಸೇರಿಲ್ಲ. ನಾನೂ ಹಾಗೆ ಏಳುವವನೇ. ಸವೆತ ಸುತ್ತಲೂ ಸಮನಾಗಿ ಆಗುವುದಿಲ್ಲ. ಎಳೆತದ ದಿಕ್ಕಿನಲ್ಲೇ ತೂತು ಉದ್ದವಾಗುತ್ತಾ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಎರಡೂ ಕೀಲು ಸೇರಿ ಒಂದೇ ಒಂದು ಮಿ.ಮೀ. ಸಡಿಲವಾದರೂ 120 ಸೆಂ.ಮೀ. ಆಚೆಯ ತುದಿಯಲ್ಲಿ ಬಾಗಿಲು 4 ಮಿ.ಮೀ. ಇಳಿದಿರುತ್ತದೆ.

ಇದನ್ನು ಮುಚ್ಚಿಡುವ ಒಂದು ಉಪಾಯವಿದೆ. ಅಮೆರಿಕದಲ್ಲೂ ಅದೇ, ಹುಬ್ಬಳ್ಳಿಯಲ್ಲೂ ಅದೇ. ಬಾಗಿಲು ಇಳಿಯಿತೇ? ಕಂಬದ ಮೇಲಿನ ಕೊಂಡಿಯ ಬೋಲ್ಟ್ ಸಡಿಲಿಸಿ ಅದನ್ನೂ ಕೆಳಗಿಳಿಸಿ. ಬಾಗಿಲು ಚೆನ್ನಾಗಿ ಕೂರುತ್ತದೆ, ಕಾರು ಮಾರಾಟವಾಗುತ್ತದೆ. ನನಗೆ ಮಾರಿದವರು ಕೊಂಡಿಯನ್ನು ಇಳಿಸಬಹುದಾದಷ್ಟೂ ಇಳಿಸಿದ್ದರು. ಹಳೆಯ ಕಾರು ಕೊಳ್ಳುವವರು ಬಾಗಿಲನ್ನು ಅರ್ಧ ತೆರೆದು, ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಲಿ. ಕೀಲಿನೊಳಗೆ ಟಕ್ ಎಂದರೆ ಪಿನ್ನು ಹೋಗಿದೆ. ಕೀಲಿನ ಜೊತೆ ಅದು ಕೂತಿರುವ ಕಂಬದ ತಗಡೂ ಅಲುಗಿದರೆ ತುಕ್ಕು ಒಳಗೆ ಸೇರಿದೆ. ಆ ಕಾರಿಗೆ ಕೈಮುಗಿದು ಮನೆಗೆ ಬನ್ನಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮ ಮಿಷಿಗನ್‌ನಲ್ಲಿ ಎರಡನೆಯ ಜಾತಿಯವೇ ಹೆಚ್ಚು. ಡೆಟ್ರಾಯಿಟ್ ನಗರದ ಅಡಿಯಲ್ಲೇ ಉಪ್ಪಿನ ಗಣಿ ಇದೆ. ಕಾರು ಹುಟ್ಟಿಸುವ ಊರಿನ ಹೊಟ್ಟೆಯಲ್ಲೇ ಕಾರನ್ನು ತಿನ್ನುವ ವಸ್ತು!

ಇಲ್ಲಿಯ ಕ್ರಮಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸುತ್ತೇನೆ. ಈ ಕೀಲನ್ನು ಮಾಡಿದವರು ಉಕ್ಕಿನ ಪಿನ್ನು ಉಕ್ಕಿನ ತೂತಿಗೆ ಉಜ್ಜದಂತೆ ನಡುವೆ ಕಂಚಿನ ಬುಷ್, ಅಂದರೆ ಬಳೆಯಂಥ ಸಣ್ಣ ಕೊಳವೆ, ಇಟ್ಟಿದ್ದಾರೆ. ಸವೆಯುವುದು ಅಗ್ಗದ ವಸ್ತುವೇ ಆಗಲಿ ಎಂಬ ಬುದ್ಧಿವಂತಿಕೆ ಅದು. ಕಾರಿಗೆ ನಲವತ್ತು ದಾಟಿದರೂ ಎರಡು ಪಿನ್ನು, ನಾಲ್ಕು ಬುಷ್ ಇರುವ ಪೊಟ್ಟಣ ಒಂದು ಹೊತ್ತಿನ ಊಟದ ಬೆಲೆಗೆ ಅಂಚೆಯಲ್ಲಿ ಬರುತ್ತದೆ. ಅಂಥ ಪೊಟ್ಟಣ ತರಿಸಿ, ಒಂದು ಶನಿವಾರ ನಾನೇ ಕೈಹಾಕಿದೆ. ಕೊಂಡಿಯನ್ನು ಪೂರಾ ಬಿಚ್ಚಿ ತೆಗೆದೆ. ಅದು ಇದ್ದರೆ ಬಾಗಿಲು ಅದರ ಮೇಲೆ ಕೂತು ನಿಜವಾದ ಇಳಿತವನ್ನು ಮರೆಮಾಚುತ್ತದೆ. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಮರದ ತುಂಡು, ಅದರ ಮೇಲೆ ಹಳೆಯ ಟವೆಲ್. ಒಂದು ಸಲಕ್ಕೆ ಒಂದೇ ಕೀಲಿನ ಪಿನ್ನು; ಎರಡನ್ನೂ ಒಟ್ಟಿಗೆ ತೆಗೆದರೆ ಬಾಗಿಲು ಹಿಡಿಯಲು ಇಬ್ಬರು ಬೇಕು. ಮೇಲಿನದು ಸುತ್ತಿಗೆಯ ನಾಲ್ಕು ಏಟಿಗೆ ಹೊರಬಂದಿತು. ಕೆಳಗಿನದು ತುಕ್ಕು ಹಿಡಿದು ಕೂತಿತ್ತು, ಗರಗಸದ ಅಲಗು ತೂರಿಸಿ ಕತ್ತರಿಸಬೇಕಾಯಿತು. ಹೊಸ ಬುಷ್‌ಗಳನ್ನು ಸುತ್ತಿಗೆಯಲ್ಲಿ ಹೊಡೆಯದೆ ವೈಸ್‌ನಲ್ಲಿ ಒತ್ತಿ ಕೂರಿಸಿದೆ. ಸಂಜೆಯ ಹೊತ್ತಿಗೆ ಬಾಗಿಲು ಒಂದು ಬೆರಳಿನಲ್ಲಿ ಮುಚ್ಚಿತು. ಹೆಂಡತಿ ಕೂಡ ಒಮ್ಮೆ ನಕ್ಕಳು.

ಆ ನಗು ಮುಂದಿನ ಬೇಸಿಗೆಯವರೆಗೆ ಉಳಿಯಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ಹೊಸ ಬುಷ್‌ಗಳು ತಮ್ಮ ಜಾಗದಲ್ಲೇ ಗಿರಗಿರ ತಿರುಗುತ್ತಿದ್ದವು. ಹಳೆಯ ಬುಷ್‌ಗಳು ಎಂದೋ ಪುಡಿಯಾಗಿ, ಪಿನ್ನು ಎಷ್ಟೋ ವರ್ಷ ಕೀಲಿನ ಉಕ್ಕನ್ನೇ ತಿಂದಿತ್ತು. ಬುಷ್ ಕೂರಬೇಕಾದ ತೂತು ಒಂದು ದಿಕ್ಕಿನಲ್ಲಿ 0.8 ಮಿ.ಮೀ. ಹೆಚ್ಚು ಅಗಲವಾಗಿತ್ತು. ಪಿನ್ನಿನ ತಲೆಯ ಕೆಳಗೆ ಕಚ್ಚಿ ಹಿಡಿಯಲೆಂದು ಸಣ್ಣ ಹಲ್ಲುಗಳಿರುತ್ತವೆ. ಅವಕ್ಕೆ ಕಚ್ಚಲು ಏನೂ ಸಿಕ್ಕಿರಲಿಲ್ಲ. ಪೊಟ್ಟಣ ಮಾಡಿದವರ ತಪ್ಪು ಇದರಲ್ಲಿ ಏನಿಲ್ಲ. ಅವರು 1979ರ ತೂತಿಗೆ ಪಿನ್ನು ಮಾಡಿದ್ದಾರೆ, ನನ್ನ ಬಳಿ ಇದ್ದದ್ದು ಇವತ್ತಿನ ತೂತು.

ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. ಪೊಟ್ಟಣ ಸಾಲದಾದಾಗ ಇಲ್ಲಿ ಕೇಳಿಬರುವ ಸಲಹೆ ಒಂದೇ: ಇಡೀ ಕೀಲನ್ನೇ ಹೊಸದು ತರಿಸಿ ಹಾಕಿ. ತೂತನ್ನು ದುಂಡಗೆ ಕೊರೆದು, ಅದಕ್ಕೆ ಸರಿಯಾಗಿ ದಪ್ಪ ಬುಷ್ ಮಾಡಿ ಕೊಡುತ್ತೀರಾ ಎಂದು ಒಂದು ಯಂತ್ರಶಾಲೆಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಯುವಕ ಕೀಲನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ನಕ್ಷೆ ಇದೆಯೇ ಎಂದು ಕೇಳಿದ, ಎಷ್ಟು ಬೇಕು ಎಂದು ಕೇಳಿದ. ನಾಲ್ಕು ಎಂದಾಗ ಅವನ ಮುಖದಲ್ಲಿ ಕಂಡದ್ದು ಕನಿಕರ. ನಾಲ್ಕು ಬುಷ್‌ಗೆ ಯಂತ್ರ ಸಜ್ಜುಗೊಳಿಸುವ ಕೂಲಿ ಹೊಸ ಕೀಲಿನ ಬೆಲೆಯನ್ನು ಮೀರುತ್ತದೆ ಎಂದು ಮರ್ಯಾದೆಯಿಂದಲೇ ವಿವರಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಕಾರು ಹುಟ್ಟಿಸಿದ ಊರಿನಲ್ಲಿ ಒಂದು ತೂತನ್ನು ನೋಡುವವರು ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂದಿತು. ಆ ಸಿಟ್ಟಿನಲ್ಲೇ ಕೀಲುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಬೋಲ್ಟ್ ಬಿಚ್ಚಿ, ಎರಡನ್ನೂ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. ಡಿಸೆಂಬರಿನಲ್ಲಿ ಹೇಗೂ ಊರಿಗೆ ಹೊರಟಿದ್ದೆ.

ನನ್ನ ಮಾಮಾ, ಅಂದರೆ ಸೋದರಮಾವ, ಅಂಬಾಸಡರ್ ಇಟ್ಟುಕೊಂಡಿದ್ದವರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ, 2014ರಲ್ಲಿ ನಿಂತುಹೋದ ಅದೇ ಅಂಬಾಸಡರ್. ಅದರ ಬಾಗಿಲು ಇಳಿದಾಗ ಮಾಮಾ ಹೋಗುತ್ತಿದ್ದ ಲೇತಿನ (ಲೋಹ ಕಡೆಯುವ ಯಂತ್ರದ) ಅಂಗಡಿ ಇನ್ನೂ ಇದೆ. ಅಲ್ಲಿಯ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಕಾರ್ಖಾನೆ ಮುಚ್ಚಿಹೋಯಿತು, ಲೇತ್ ತಿರುಗುತ್ತಲೇ ಇದೆ.

ಮಿಸ್ತ್ರಿಯವರಿಗೆ ಅರವತ್ತು ದಾಟಿದೆ. ಕಮಾರೊ ಎಂಬ ಕಾರನ್ನು ಅವರು ಕಂಡಿಲ್ಲ, ಕಾಣುವ ಆಸೆಯನ್ನೂ ತೋರಿಸಲಿಲ್ಲ. ಕೀಲನ್ನು ಕೈಗೆ ತೆಗೆದುಕೊಂಡು, ಕಿರುಬೆರಳನ್ನು ತೂತಿನೊಳಗೆ ತಿರುಗಿಸಿ, "ಮೇಲಿನದು ಇದು ತಾನೆ, ಸಾಹೇಬರೇ?" ಎಂದರು. ಹೇಗೆ ಗೊತ್ತಾಯಿತು ಎಂದೆ. "ಹೊರಗೆ ಜಗ್ಗಿದೆಯಲ್ಲ" ಎಂದರು. ಆಮೇಲೆ ವರ್ನಿಯರ್ ತೆಗೆದು ಒಂದೊಂದು ತೂತನ್ನೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದರು. ಕೀಲಿನ ಎರಡೂ ಕಿವಿಗಳನ್ನು ಒಂದೇ ಸಲ ಕಚ್ಚಿಸಿ, ತೂತನ್ನು ದುಂಡಗೆ ಹಿಗ್ಗಿಸುವ ಒಂದೇ ರೀಮರ್ ಎರಡರಲ್ಲೂ ಹಾಯುವಂತೆ ಕೊರೆದರು. ಬೇರೆ ಬೇರೆಯಾಗಿ ಕೊರೆದರೆ ಎರಡು ತೂತುಗಳು ಒಂದೇ ಗೆರೆಗೆ ಬರುವುದಿಲ್ಲ, ಪಿನ್ನು ಸೊಟ್ಟಗೆ ಕೂತು ಬಾಗಿಲು ಬಿಗಿಯುತ್ತದೆ. ಆ ತೂತಿಗೆ ಗನ್ ಮೆಟಲ್ ಎಂಬ ಕಂಚಿನ ಬುಷ್ ಕಡೆದು ಒತ್ತಿದರು. ಒತ್ತಿದ ಮೇಲೆ ಬುಷ್ ಕೂದಲೆಳೆಯಷ್ಟು ಕಿರಿದಾಗುವುದರಿಂದ ಅದನ್ನು ಮತ್ತೊಮ್ಮೆ ಬಿಡಿಸಿದರು. ಪಿನ್ನು ಕಡೆದದ್ದು ಕಟ್ಟಕಡೆಗೆ. ಇಡೀ ಕೆಲಸದ ಮರ್ಮ ಈ ಅನುಕ್ರಮದಲ್ಲಿದೆ ಎಂಬುದು ನನ್ನ ಅನಿಸಿಕೆ. ಪೊಟ್ಟಣದ ದಾರಿಯಲ್ಲಿ ಪಿನ್ನು ಮೊದಲೇ ಸಿದ್ಧವಾಗಿರುತ್ತದೆ, ತೂತು ಅದಕ್ಕೆ ಹೊಂದಿಕೊಳ್ಳಬೇಕು. ಮಿಸ್ತ್ರಿಯವರ ದಾರಿಯಲ್ಲಿ ತೂತಿನ ಮಾತು ಕೇಳಿದ ಮೇಲೆ ಪಿನ್ನು ಹುಟ್ಟುತ್ತದೆ. ಅರ್ಧ ಶತಮಾನ ಸವೆದ ಕಾರಿಗೆ ಎರಡನೆಯದೇ ಸರಿ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಹಾಗೆಂದು ಊರಿನ ಕ್ರಮವನ್ನು ಪಲ್ಲಕ್ಕಿಯಲ್ಲಿ ಕೂರಿಸುವ ಮನಸ್ಸೂ ನನಗಿಲ್ಲ. ಪಿನ್ನಿನ ವ್ಯಾಸ ಕೊನೆಗೆ ಎಷ್ಟಾಯಿತು, ಬರೆದಿಟ್ಟುಕೊಳ್ಳುತ್ತೇನೆ ಎಂದೆ. "ಸರಿಯಾಗಿ ಕೂತಿದೆಯಲ್ಲ ಸಾಹೇಬರೇ, ಬರೆದು ಏನು ಮಾಡುತ್ತೀರಿ?" ಎಂಬ ಉತ್ತರ ಬಂದಿತು. ಬುಷ್‌ಗೆ ಎಣ್ಣೆ ಬಿಡಲು ಒಂದು ಸಣ್ಣ ತೂತು ಬೇಕೆಂದು ಮೂರು ಸಲ ಹೇಳಬೇಕಾಯಿತು. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಇರಲಿಲ್ಲ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಅಮೆರಿಕದ ಪೊಟ್ಟಣ ಯಾರ ಕೈಗೂ ಸಿಗುತ್ತದೆ, ಅದರ ಸಂಖ್ಯೆ ಪುಸ್ತಕದಲ್ಲಿದೆ, ನಾಳೆಯೂ ಸಿಗುತ್ತದೆ. ನನ್ನ ಕೀಲಿನ ಅಳತೆ ಹುಬ್ಬಳ್ಳಿಯ ಒಬ್ಬರ ಕಿರುಬೆರಳಿನಲ್ಲಿ ಮಾತ್ರ ಇದೆ.

ಇನ್ನು ಎಣ್ಣೆಯ ವಿಷಯ. ಖಂಡೇನವಮಿಯ ದಿನ ಮಾಮಾ ಅಂಬಾಸಡರನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ನಾಲ್ಕೂ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ವರ್ಷಕ್ಕೊಮ್ಮೆ ಯಂತ್ರಗಳಿಗೆಂದೇ ಒಂದು ದಿನ ಮೀಸಲಿಟ್ಟ ನಾಡು ನಮ್ಮದು. ಆ ದಿನವೂ ಬಿಜಾಗರಿಗೆ ಎರಡು ಹನಿ ಎಣ್ಣೆ ಬಿಟ್ಟದ್ದನ್ನು ನಾನು ಕಾಣಲಿಲ್ಲ. ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ಅತ್ತೆಯ ಕಪಾಟಿನಲ್ಲೇ ಇತ್ತು. ಇಲ್ಲಿಯವರೂ ಕಡಿಮೆಯಿಲ್ಲ. ಕೀಲು ಕಿರುಗುಟ್ಟಿದರೆ ಡಬ್ಲ್ಯುಡಿ-40 ಚಿಮುಕಿಸುತ್ತಾರೆ. ನೀರನ್ನು ಓಡಿಸಲೆಂದು 1953ರಲ್ಲಿ ಮಾಡಿದ ದ್ರವ ಅದು, ಹೆಸರಿನ ಡಬ್ಲ್ಯು, ಡಿ ಎಂದರೆ ಅದೇ, ವಾಟರ್ ಡಿಸ್‌ಪ್ಲೇಸ್‌ಮೆಂಟ್. ಸದ್ದು ನಿಲ್ಲುತ್ತದೆ, ಆದರೆ ಭಾರ ಹೊರುವ ಪಿನ್ನಿನ ಮೇಲೆ ಬಹುಕಾಲ ನಿಲ್ಲುವ ಎಣ್ಣೆ ಅದಲ್ಲ. ಎಂಜಿನ್‌ಗೆ ಹಾಕಿ ಮಿಕ್ಕ ಎಣ್ಣೆಯ ಎರಡು ಹನಿ, ಆರು ತಿಂಗಳಿಗೊಮ್ಮೆ: ಇಷ್ಟೇ ಸಾಕಾಗಿತ್ತು. ಈ ಒಂದು ಸೋಮಾರಿತನದಲ್ಲಿ ಡೆಟ್ರಾಯಿಟ್ಟಿಗೂ ಹುಬ್ಬಳ್ಳಿಗೂ ಕೂದಲೆಳೆಯಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ.

ಕೀಲುಗಳು ವಾಪಸು ಬಂದು, ಪೆನ್ಸಿಲ್ ಗೆರೆಗೆ ಸರಿಯಾಗಿ ಕೂತು ಈಗ ಎರಡು ವರ್ಷ. ಕೊಂಡಿಯನ್ನು ಅದರ ಮೂಲ ಎತ್ತರಕ್ಕೆ ಏರಿಸಿದ್ದೇನೆ. ಬಾಗಿಲು ಇಳಿದಿಲ್ಲ.

ಈಗ ಇನ್ನೊಂದು ಬದಿಯ ಬಾಗಿಲು ಟಕ್ ಎನ್ನಲು ಶುರುಮಾಡಿದೆ. ಈ ಸಲ ಬುದ್ಧಿವಂತನಾಗಿ ನಾನೇ ಒಳ್ಳೆಯ ವರ್ನಿಯರ್ ಕೊಂಡು, ನಾಲ್ಕೂ ತೂತುಗಳನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು, ಕಾಗದದ ಮೇಲೆ ಚಿತ್ರ ಬರೆದು, ಮಿಸ್ತ್ರಿಯವರಿಗೆ ಮೊಬೈಲಿನಲ್ಲಿ ಕಳಿಸಿದೆ. ಬುಷ್ ಮತ್ತು ಪಿನ್ನು ಕಡೆದು ಅಂಚೆಯಲ್ಲಿ ಕಳಿಸಿ, ಹಣ ಹಾಕುತ್ತೇನೆ ಎಂದೂ ಬರೆದೆ. ಎರಡು ದಿನದ ನಂತರ ಧ್ವನಿ ಸಂದೇಶ ಬಂದಿತು. ಹಿನ್ನೆಲೆಯಲ್ಲಿ ಲೇತ್ ತಿರುಗುವ ಸದ್ದು. "ಸಾಹೇಬರೇ, ಅಳತೆ ಬೇಡ. ಬಿಜಾಗರಿ ಕಳಿಸಿ."

ಹೆಂಡತಿ ಅದನ್ನು ಎರಡು ಸಲ ಕೇಳಿಸಿಕೊಂಡು, ಸೂಟ್‌ಕೇಸಿನಲ್ಲಿ ಎಷ್ಟು ಕಿಲೋ ತನ್ನ ಪಾಲಿಗೆ ಎಂದು ಈಗಲೇ ತೀರ್ಮಾನವಾಗಲಿ ಎಂದಳು.