ಕರೆಂಟ್ ಯಾವಾಗ ಬರುತ್ತೆ ಅಂತ ಕೇಳಿದ್ದೆ, ಅಷ್ಟೇ

ನಿನ್ನೆ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಕರೆಂಟ್ ಹೋಯಿತು. ಸಿಂಧನೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ತಗಡಿನ ಮಾಡು, ಏಪ್ರಿಲ್ ಬಿಸಿಲು. ಕಾಪಿ ಹಾಳೆ ಮಷಿನ್ ಒಳಗೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಒರಿಜಿನಲ್ ಗಾಜಿನ ಮೇಲೆ. ಅದು ಆರ್‌ಎಚ್ ಕ್ಯಾಂಪಿನಿಂದ, ಅಂದರೆ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನಿಂದ, ಬಂದಿದ್ದ ಒಬ್ಬ ಹಿರಿಯರದು. ನಾವೆಲ್ಲ ಅವರನ್ನು ದಾದಾ ಅಂತೀವಿ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದದ ಕಟ್ಟು ತಂದಿದ್ದರು. ಮಡಚಿದ ಕಡೆಯೆಲ್ಲ ಹರಿದು ಸೆಲ್ಲೋಟೇಪ್ ಹಚ್ಚಿದ ಕಾಗದಗಳು.

ಇನ್ವರ್ಟರ್ ಇಲ್ವಾ ಅಂತ ಕೇಳಬೇಡಿ. ಇದೆ. ಫ್ಯಾನಿಗೂ ಲೈಟಿಗೂ ಸಾಕು. ಜೆರಾಕ್ಸ್ ಮಷಿನ್ ಬಿಸಿಯಾಗುವಾಗ ಎಳೆಯೋ ಕರೆಂಟನ್ನು ಅದು ತಾಳಲ್ಲ. ಲೈನ್‌ಮನ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಫೀಸಿಗೆ ಮಾಡಿದೆ. ಎಂಗೇಜ್.

ಆಗ ಫೋನ್ ಗುರ್ ಗುರ್ ಅನ್ನೋಕೆ ಶುರುವಾಯಿತು. ನಮ್ಮ ಮನೆತನದ ವಾಟ್ಸಾಪ್ ಗ್ರೂಪ್. ಅಜ್ಜನ ಕಡೆಯ ಅರವತ್ತು ಜನ ಇದ್ದೇವೆ. ಮದುವೆ, ಜವಳ, ಸತ್ತ ಸುದ್ದಿ ತಿಳಿಸೋಕೆ ಅಂತ ಮಾಡಿದ್ದು. ಈಗ ಅಲ್ಲಿ ಸತ್ತ ಸುದ್ದಿ ಹಾಕಿದರೂ ಎರಡು ‘ಓಂ ಶಾಂತಿ’ ಆದ ಮೇಲೆ ಮೂರನೆಯದು ದೆಹಲಿ ರಾಜಕೀಯ.

ನಿನ್ನೆಯ ವಿಷಯ ಅಣುಶಕ್ತಿಯೋ ಸೋಲಾರೋ. ಬೆಂಗಳೂರಿನ ದೊಡ್ಡಪ್ಪನ ಮಗ ಕಲ್ಲಿದ್ದಲು ಘಟಕ ಎಲ್ಲ ಇವತ್ತೇ ಮುಚ್ಚಬೇಕು ಅಂತಾನೆ. ಪಾವಗಡದಲ್ಲಿ 2000 ಮೆಗಾವ್ಯಾಟ್ ಮೇಲೆ ಸೋಲಾರ್ ಇದೆ, ಇನ್ನೇನು ಬೇಕು ಅಂತಾನೆ. ಬ್ಯಾಂಕಿನಿಂದ ರಿಟೈರ್ ಆಗಿ ಬಳ್ಳಾರಿಯಲ್ಲಿರುವ ಕಾಕಾ, ರಾತ್ರಿ ಏನು ನಿನ್ನ ಮೊಬೈಲ್ ಟಾರ್ಚ್ ತೋರಿಸ್ತೀಯೇನೋ, ಕೈಗಾ ಥರ ಇನ್ನೂ ಹತ್ತು ಬೇಕು ಅಂತಾರೆ. ಇಬ್ಬರ ಮಾತಲ್ಲೂ ಒಂದಿಷ್ಟು ಹುರುಳಿದೆ, ಇಲ್ಲ ಅನ್ನಲ್ಲ. ಆದರೆ ಐದನೇ ಮೆಸೇಜಿಗೆ ಒಬ್ಬ ದೇಶದ್ರೋಹಿ ಆದ, ಇನ್ನೊಬ್ಬರು ಅಂಧಭಕ್ತ ಆದರು.

ನನ್ನ ತಪ್ಪು ಏನಂದರೆ, ನಡುವೆ ಬಾಯಿ ಹಾಕಿದ್ದು. ‘ಸಿಂಧನೂರಿನಲ್ಲಿ ಒಂದು ಗಂಟೆಯಿಂದ ಕರೆಂಟ್ ಇಲ್ಲ. ಯಾರಿಗಾದರೂ ಆಫೀಸಿನಲ್ಲಿ ಗುರುತಿನವರು ಇದ್ದಾರಾ?’ ಅಂತ ಹಾಕಿದೆ. ಅಷ್ಟೇ.

ಕಾಕಾ ಕೂಡಲೇ, ‘ಬಿಟ್ಟಿ ಕರೆಂಟ್ ಬೇಕು ಅಂತ ವೋಟ್ ಹಾಕಿದ್ರಲ್ಲ, ಅನುಭವಿಸ್ರಿ.’ ಬೆಂಗಳೂರಿನ ಅಣ್ಣ, ‘ಕೇಂದ್ರ ನಮ್ಮ ರಾಜ್ಯಕ್ಕೆ ಮೋಸ ಮಾಡ್ತಿರೋದಕ್ಕೆ ಇದೇ ಸಾಕ್ಷಿ.’ ಹುಬ್ಬಳ್ಳಿಯ ಅತ್ತಿಗೆ 2014ಕ್ಕೆ ಮುಂಚೆ ಹೇಗಿತ್ತು ನೆನಪಿದೆಯಾ ಅಂತ ಒಂದು ಚಿತ್ರ ಹಾಕಿದರು. ಹದಿನೈದು ನಿಮಿಷದಲ್ಲಿ ನಲವತ್ತು ಮೆಸೇಜ್. ಗುರುತಿನವರು ಇದ್ದಾರಾ ಅನ್ನೋ ಪ್ರಶ್ನೆಗೆ ಒಬ್ಬರಾದರೂ ಉತ್ತರ ಕೊಟ್ಟರಾ? ಮನೆ ಹೊತ್ತಿ ಉರಿಯುವಾಗ ಗಳ ಹಿರಿಯೋದು ಅಂದರೆ ಇದೇ. ನನ್ನ ಅಂಗಡಿಯ ಕತ್ತಲೆ ಅವರಿಗೆ ಜಗಳಕ್ಕೆ ಸಿಕ್ಕ ಇನ್ನೊಂದು ಕಲ್ಲು.

ಬಿಟ್ಟಿ ಕರೆಂಟ್ ಅಂತೆ! 2023ರಲ್ಲಿ ಬಂದ ಗೃಹಜ್ಯೋತಿ ಮನೆಗಳಿಗೆ, ಅದೂ 200 ಯೂನಿಟ್ ಒಳಗಿದ್ದರೆ. ನನ್ನದು ಅಂಗಡಿ, ಕಮರ್ಷಿಯಲ್ ಮೀಟರ್. ತಿಂಗಳಾ ತಿಂಗಳಾ ಪೂರ್ತಿ ಬಿಲ್ ಕಟ್ಟುತ್ತೇನೆ. ಆ ಗ್ರೂಪಿನಲ್ಲಿ ಗೃಹಜ್ಯೋತಿಗೆ ಮೊದಲು ಅರ್ಜಿ ಹಾಕಿದವರು ಯಾರು ಗೊತ್ತಾ? ಕಾಕಾ. ಅವರ ಆಧಾರ್ ಜೆರಾಕ್ಸ್ ನನ್ನ ಅಂಗಡಿಯಲ್ಲೇ ಆಗಿದ್ದು.

ಇನ್ನು ಕಲ್ಲಿದ್ದಲು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಡುತ್ತಿದ್ದಾರೆ. ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಆಮೇಲೆ ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಇನ್ನೆರಡು. ಪಕ್ಕದ ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ 1700. ಬೂದಿ ಇಲ್ಲಿ, ಬಿಸಿಲು ಇಲ್ಲಿ, ಕೃಷ್ಣೆಯ ನೀರು ಹೋಗೋದು ಇಲ್ಲಿಂದ. ಅಲ್ಲಿ ಹುಟ್ಟಿದ ಕರೆಂಟ್ ದೊಡ್ಡ ಲೈನ್ ಹತ್ತಿ ಎಲ್ಲ ಕಡೆ ಹೋಗುತ್ತೆ, ದೊಡ್ಡಪ್ಪನ ಮಗನ ಏಸಿಗೂ ಹೋಗುತ್ತೆ. ಹೋಗಲಿ, ಅದಕ್ಕೇ ಇರೋದು. ಆದರೆ ಓಣಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಸಾವಿರ ಮೆಗಾವ್ಯಾಟ್ ಇದ್ದರೂ ನನಗೆ ಒಂದು ಬಲ್ಬ್ ಇಲ್ಲ. ಬೇಸಿಗೆಯಲ್ಲಿ ಕೂಲರ್, ಏಸಿ, ಎಲ್ಲ ಒಟ್ಟಿಗೆ ಎಳೆದರೆ ಹಳೇ ಟಿಸಿ ತಡೆಯಲ್ಲ. ನಮ್ಮ ಓಣಿಗೆ ಬೇಕಿರೋದು ಇನ್ನೊಂದು ದೊಡ್ಡ ಟಿಸಿ. ಅದು ಯಾವ ಪಾರ್ಟಿದು? ಅದಕ್ಕೊಂದು ಫಾರ್ವರ್ಡ್ ಮೆಸೇಜ್ ಇದೆಯಾ?

ದಾದಾ ಸ್ಟೂಲ್ ಮೇಲೆ ಕೂತಿದ್ದರು. ನಾನು ಬೈಕೊಳ್ಳೋದು ನೋಡಿ, ‘ಬರ್ತದ ಬಿಡ್ರಿ. ಕಾಯೋದ್ರಾಗ ನಾವು ಪಾಸಾಗೀವಿ’ ಅಂದರು.

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಸರ್ಕಾರವೇ ಇಲ್ಲಿ ಜಾಗ ಕೊಟ್ಟು ಕೂರಿಸಿ ಐವತ್ತು ವರ್ಷ ದಾಟಿತು. ದಾದಾ ಬಂದಾಗ ಚಡ್ಡಿ ಹಾಕುವ ಹುಡುಗ. ನಮ್ಮ ತಾಲ್ಲೂಕಿಗೆ ಹೊರಗಿನವರು ಹೊಸಬರೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದವರ ಊರುಗಳ ಹೆಸರಿಗೆ ಈಗಲೂ ‘ಕ್ಯಾಂಪ್’ ಅಂಟಿಕೊಂಡಿದೆ. ದಾದಾ ಕನ್ನಡ ನನಗಿಂತ ಖಡಕ್. ಮಿರ್ಚಿ ಮಂಡಕ್ಕಿ ತಿನ್ನುವಾಗ ಮೂಗು ಒರೆಸಿಕೊಳ್ಳೋದೂ ನಮ್ಮ ಹಾಗೇ.

ಅವರ ಕಾಗದದ ಕಥೆ ಕೇಳಿ. 1987ರ ಜುಲೈ 1ಕ್ಕಿಂತ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಅಪ್ಪ ಅಮ್ಮ ಯಾರೇ ಆಗಿರಲಿ. ಆಮೇಲೆ ಹುಟ್ಟಿದ್ದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ ಆದ ಮೇಲೆ ಇನ್ನೂ ಬಿಗಿ. ಹಾಗಾಗಿ ಒಂದೇ ಒಲೆಯ ಅನ್ನ ಉಂಡ ದೊಡ್ಡ ಮಗನಿಗೆ ತೊಂದರೆ ಇಲ್ಲ, ಚಿಕ್ಕವನಿಗೆ ಇದೆ. 2019ರ ಪೌರತ್ವ ತಿದ್ದುಪಡಿ ಕಾನೂನಿಗೆ (ಸಿಎಎ) 2024ರ ಮಾರ್ಚ್‌ನಲ್ಲಿ ನಿಯಮ ಬಂತು. ಈಗ ಅರ್ಜಿ ಹಾಕೋಕೆ ಯಾವ ದೇಶದಿಂದ ಬಂದದ್ದು ಅನ್ನೋದಕ್ಕೆ ಒಂದು ಕಾಗದ, 2014ರ ಡಿಸೆಂಬರ್ 31ರೊಳಗೆ ಇಲ್ಲಿಗೆ ಬಂದಿದ್ದಕ್ಕೆ ಒಂದು ಕಾಗದ. ದಾದಾ ಊರು ಬಿಟ್ಟಾಗ ಬಾಂಗ್ಲಾದೇಶ ಅನ್ನೋ ದೇಶವೇ ಇರಲಿಲ್ಲ!

ಅಣುಶಕ್ತಿ ಮುಗಿದು ಗ್ರೂಪ್ ಅಷ್ಟರಲ್ಲಿ ಪೌರತ್ವಕ್ಕೆ ಬಂದಿತ್ತು. ಯಾಕೆ ಬಂತೋ ದೇವರಿಗೇ ಗೊತ್ತು. ನನಗೆ ತಡೆಯೋಕೆ ಆಗಲಿಲ್ಲ. ‘ನೀವು ಹೇಳ್ತಿರೋರಲ್ಲಿ ಒಬ್ಬರು ನನ್ನ ಎದುರೇ ಕೂತಿದ್ದಾರೆ, ಕರೆಂಟಿಗೆ ಕಾಯ್ತಿದ್ದಾರೆ’ ಅಂತ ಬರೆದೆ. ಅತ್ತಿಗೆ, ‘ಒಂದು ಫೋಟೋ ಹಾಕು, ಈ ಕಾನೂನಿನಿಂದ ಎಷ್ಟು ಒಳ್ಳೇದಾಗಿದೆ ಅಂತ ಎಲ್ಲರಿಗೂ ಕಳಿಸ್ತೀನಿ’ ಅಂದರು. ಅಣ್ಣ, ‘ಈ ಕಾನೂನು ಬೇಡ ಅಂತ ಅವರ ಬಾಯಲ್ಲಿ ಹೇಳಿಸಿ ವಿಡಿಯೋ ಮಾಡು’ ಅಂದ. ಇನ್ನೊಬ್ಬ, ಪುಣೆಯಲ್ಲಿರುವ ಅಳಿಯ, ‘ನುಸುಳುಕೋರರಿಗೆ ಜೆರಾಕ್ಸ್ ಮಾಡಿಕೊಡಬೇಡ ಮಾಮಾ’ ಅಂತ ಬರೆದ. ಓದಿ ಕೈ ನಡುಗಿತು. ನನ್ನ ಅಕ್ಕನ ಮಗ. ಎತ್ತಿ ಆಡಿಸಿದ ಹುಡುಗ.

ಬಂಗಾಳದಲ್ಲಿ ನಾಮಶೂದ್ರ ಅನ್ನೋ ಜಾತಿಯವರು ಎಸ್‌ಸಿ ಪಟ್ಟಿಯಲ್ಲಿದ್ದಾರೆ, ಅದೇ ಜನ ಕ್ಯಾಂಪಿನಲ್ಲಿದ್ದರೆ ಇಲ್ಲಿನ ಪಟ್ಟಿಯಲ್ಲಿಲ್ಲ. ಅದನ್ನು ಯಾರಾದರೂ ಕೇಳಿದ್ದಾರಾ? ಇವರಲ್ಲಿ ಒಬ್ಬರಾದರೂ ಕ್ಯಾಂಪಿಗೆ ಕಾಲಿಟ್ಟಿದ್ದಾರಾ? ಜಾತ್ರೆಗೆ ಬಂದಾಗ ಅದೇ ಕಡೆ ಕಾರು ಓಡಿಸುತ್ತಾರೆ, ಗ್ಲಾಸ್ ಇಳಿಸಲ್ಲ.

ಇದು ಒಂದು ದಿನದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ಕಿತ್ತು ಗೇಟ್ ಕೊಚ್ಚಿಹೋಯಿತು. ನಮ್ಮದು ಕಾಲುವೆ ಕೆಳಗೆ ನಾಲ್ಕು ಎಕರೆ ಭತ್ತ. ತುಂಬಿದ ಡ್ಯಾಂನ ನೀರು ಹೊಳೆಗೆ ಹೋಗ್ತಿದೆ ಅಂತ ಅಪ್ಪ ರಾತ್ರಿಯೆಲ್ಲ ಎದ್ದು ಕೂತಿದ್ದರು. ಐದು ದಿನದ ಹಿಂದೆ ಢಾಕಾದಲ್ಲಿ ಹಸೀನಾ ಸರ್ಕಾರ ಬಿದ್ದಿತ್ತು, ಗ್ರೂಪ್ ಪೂರ್ತಿ ಬಾಂಗ್ಲಾದೇಶದಲ್ಲೇ ಇತ್ತು. ನಾನು ‘ಗೇಟ್ ಹೋಯ್ತು’ ಅಂತ ಹಾಕಿದೆ. ‘ಯಾವ ಗೇಟ್?’ ಅಂದ ಒಬ್ಬ. ಅವನ ಮನೆಗೂ ವರ್ಷಕ್ಕೆ ಎರಡು ಚೀಲ ಸೋನಾಮಸೂರಿ ಆ ಹೊಲದಿಂದಲೇ ಹೋಗುತ್ತೆ. ಬೆಳಗಾಗೋದರೊಳಗೆ ಅದಕ್ಕೂ ಎರಡು ಪಾರ್ಟಿ ಆಯಿತು. ಗೇಟಿನ ಜಾಗ ಮುಚ್ಚೋಕೆ ಒಂದು ವಾರ ಹಿಡಿಯಿತು, ಇವರ ಜಗಳ ಇನ್ನೂ ಮುಚ್ಚಿಲ್ಲ.

ಗ್ರೂಪ್ ಬಿಡು ಅಂತೀರಿ. ಬಿಟ್ಟರೆ ಮದುವೆ ಸುದ್ದಿ ಯಾರು ಹೇಳುತ್ತಾರೆ? ಹೋದ ವರ್ಷ ಸಿಟ್ಟಲ್ಲಿ ಬಿಟ್ಟಿದ್ದೆ. ಅತ್ತೆಯ ತಿಥಿ ಗೊತ್ತಾಗದೆ, ಈಗಲೂ ಆ ಮನೆಯವರು ಮಾತಾಡಲ್ಲ.

ಎರಡೂ ಮುಕ್ಕಾಲಿಗೆ ಫ್ಯಾನ್ ಕುಯ್ ಅಂತು. ಮಷಿನ್ ಬಿಸಿಯಾಗೋಕೆ ಬಿಟ್ಟು, ಒಳಗೆ ಸಿಕ್ಕಿದ್ದ ಹಾಳೆ ಎಳೆದೆ. ಹರಿಯಿತು. ಮತ್ತೆ ತೆಗೆದೆ. ಮೂವತ್ತೊಂದು ಪೇಜ್, ಅರವತ್ತೆರಡು ರೂಪಾಯಿ. ಕಾಯಿಸಿದ್ದಕ್ಕೆ ಅರವತ್ತು ಕೊಡಿ ಸಾಕು ಅಂದೆ. ದಾದಾ ಎರಡು ರೂಪಾಯಿ ನಾಣ್ಯ ಟೇಬಲ್ ಮೇಲೆ ಇಟ್ಟೇ ಹೋದರು. ಹೋಗುವಾಗ ನನ್ನ ಫೋನ್ ನೋಡಿ, ‘ಅವಾಗಿಂದ ಬಡ್ಕೊಳ್ತದಲ್ರೀ, ಎತ್ತಬಾರದೇನು? ಯಾರದು?’ ಅಂದರು.

‘ಮನೆಯೋರು’ ಅಂದೆ.

ಚಾರ್ಜ್ ನಾಲ್ಕು ಪರ್ಸೆಂಟ್ ಇತ್ತು.