ಮನೆಯೊಳಗ ಸೀದಾ ಇರೋದು ಒಂದೇ ಪೈಪು

ಬೇಸ್ ಗಿಟಾರು ಮನೆಗೆ ಬಂದ ದಿನ ಅವ್ವ ಮೊದಲು ಮಾಡಿದ ಕೆಲಸ ತಂತಿ ಎಣಿಸಿದ್ದು. ನಾಲ್ಕು. ಎದುರು ಮನೆ ಹುಡುಗನ ಗಿಟಾರಿಗೆ ಆರು ಇರುವುದನ್ನು ಆಕೆ ನೋಡಿದ್ದಳು. “ಎರಡು ಕಡಿಮಿ ಅವಲ್ಲೋ. ರೊಕ್ಕ ಮಾತ್ರ ಪೂರಾ ಕೊಟ್ಟು ಬಂದಿಯೇನು?” ಹೈದರಾಬಾದಿನಿಂದ ರೈಲಿನಲ್ಲಿ ಕೂಸಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡು ತಂದ ಸೆಕೆಂಡ್ ಹ್ಯಾಂಡ್ ಮಾಲು. ಇದಕ್ಕೆ ಇರುವುದೇ ನಾಲ್ಕು ಅಂತ ಎಷ್ಟು ಹೇಳಿದರೂ, ಸಂತೆಯಲ್ಲಿ ತೂಕದಾಗ ಮೋಸ ಹೋಗಿ ಬಂದ ಮಗನನ್ನು ನೋಡುವ ನೋಟ ಆಕೆಯ ಕಣ್ಣಿನಿಂದ ಹೋಗಲಿಲ್ಲ.

ಜನವರಿಯಲ್ಲಿ ಚೆನ್ನಾಗಿಯೇ ಇತ್ತು. ಕಲಬುರಗಿಯ ಮೇ ತಿಂಗಳು ಬಂತು ನೋಡಿ, 42 ಡಿಗ್ರಿ ಬಿಸಿಲಿಗೆ ಗಿಟಾರಿನ ಕತ್ತಿನ ಕಟ್ಟಿಗೆ ಒಣಗಿ ಸೆಟೆಯಿತು. ಕಟ್ಟಿಗೆ ಕುಗ್ಗುತ್ತದೆ, ಅದರ ಮೇಲೆ ಅಡ್ಡಡ್ಡ ಕೂರಿಸಿದ ಫ್ರೆಟ್ ಎಂಬ ಲೋಹದ ತಂತಿ ಕುಗ್ಗುವುದಿಲ್ಲ. ಹಾಗಾಗಿ ಇಪ್ಪತ್ತು ಫ್ರೆಟ್ಟುಗಳ ತುದಿಗಳೂ ಎರಡೂ ಬದಿಗೆ ಹೊರಗೆ ಇಣುಕಿದವು. ಕೈ ಮೇಲೆ ಕೆಳಗೆ ಜಾರಿಸಿದರೆ ಜಾಲಿ ಗಿಡ ಹತ್ತಿ ಇಳಿದಂಗೆ. ಅದೂ ಸಾಲದೆಂಬಂತೆ ದಪ್ಪ ತಂತಿ ಒತ್ತಿದಾಗಲೆಲ್ಲ ಝರ್ರ್ ಅನ್ನತೊಡಗಿತು. ಆ ತಂತಿ ಒತ್ತದೆ ಮೀಟಿದರೆ ಸೆಕೆಂಡಿಗೆ ಅಲುಗುವುದು ಬರೀ 41 ಸಲ, ಆದರೆ ಎಮ್ಮೆ ಬಾಲ ಬೀಸಿದ ಹಾಗೆ ಅಗಲವಾಗಿ ಅಲುಗುತ್ತದೆ. ಮುಂದಿನ ಫ್ರೆಟ್ಟು ಕೂದಲೆಳೆಯಷ್ಟು ಎತ್ತರ ಇದ್ದರೂ ಹೋಗಿ ಅದಕ್ಕೆ ಉಜ್ಜುತ್ತದೆ. ನಮ್ಮ ಕಡೆ ಬೇಸ್ ಅಂದರೆ ಚಲೋ ಅಂತ ಅರ್ಥ. ಅವ್ವ ಕೇಳಿದಳು: “ಬೇಸ್ ಅದ, ಬೇಸ್ ಅದ ಅಂತಿದ್ದಿ. ಮಿಕ್ಸರ್ ಕೆಟ್ಟಂಗ ಒದರಲತ್ತದಲ್ಲೋ?”

ಫ್ರೆಟ್ಟುಗಳನ್ನು ಒಂದೇ ಮಟ್ಟಕ್ಕೆ ತರುವ ಹತ್ಯಾರಗಳು ಮಾರಾಟಕ್ಕಿವೆ. ಬೆಲೆ ನೋಡಿದೆ. ಎಲ್ಲಾ ಸೇರಿದರೆ ನನ್ನ ಗಿಟಾರಿಗಿಂತ ತುಟ್ಟಿ. ಅಷ್ಟಕ್ಕೂ ಅವೇನು? ಒಂದು ಸೀದಾ ಪಟ್ಟಿ, ಒಂದು ಸೀದಾ ಪೈಪು, ಒಂದು ಅರ. ಇಷ್ಟನ್ನು ಕಲಬುರಗಿಯಲ್ಲಿ ಹೊಂದಿಸಲಾರೆನೇ ಅಂದುಕೊಂಡೆ. ಅಲ್ಲಿಂದ ಶುರು.

ಮೊದಲು, ಯಾವ ಫ್ರೆಟ್ಟು ಎದ್ದಿದೆ ಅಂತ ಗೊತ್ತಾಗಬೇಕು. ಮೂರು ಫ್ರೆಟ್ಟುಗಳ ಮೇಲೆ ಒಂದು ಸೀದಾ ಅಂಚು ಇಟ್ಟು ಅಲುಗಿಸಬೇಕು. ನಡುವಿನದು ಎತ್ತರ ಇದ್ದರೆ ಅಂಚು ಟಿಕ್ ಟಿಕ್ ಅಂತ ತೊಟ್ಟಿಲಾಡುತ್ತದೆ. ಇದಕ್ಕೆ ಎಟಿಎಂ ಕಾರ್ಡು ಸಾಕು ಅಂತ ಯಾರೋ ಹೇಳಿದ್ದರು. ಅವರದ್ದು ಸಾದಾ ಗಿಟಾರು. ಎಟಿಎಂ ಕಾರ್ಡಿನ ಉದ್ದ 85.6 ಮಿಲಿಮೀಟರು, ತಂತಿಯ ಉದ್ದ 34 ಇಂಚು ಇರುವ ನನ್ನ ಬೇಸಿನಲ್ಲಿ ಒಂದನೇ ಫ್ರೆಟ್ಟಿನಿಂದ ಮೂರನೆಯದಕ್ಕೆ 89. ಮೂರೂವರೆ ಮಿಲಿಮೀಟರಿಗೆ ಕಾರ್ಡು ಸಾಲಲಿಲ್ಲ. ತಿಂಗಳ ಕೊನೆಯಲ್ಲಿ ಆ ಕಾರ್ಡು ಸಾಲದಿರುವುದು ನನಗೆ ರೂಢಿ, ಆದರೆ ಈ ರೀತಿ ಸಾಲದಿರುವುದು ಹೊಸದು. ಕೊನೆಗೆ ಕಬ್ಬಿಣ ಕೊಯ್ಯುವ ಗರಗಸದ ಮುರಿದ ಬ್ಲೇಡು ಸಿಕ್ಕಿತು. ಹಲ್ಲಿರುವ ಕಡೆಗೆ ಟೇಪು ಸುತ್ತಿ ಬೆನ್ನಿನ ಕಡೆ ಬಳಸಿದೆ. ಖರ್ಚು ಸೊನ್ನೆ. ಬೆರಳಿಗೆ ಸುತ್ತಿದ ಪಟ್ಟಿಯ ಲೆಕ್ಕ ಇದರಲ್ಲಿ ಸೇರಿಲ್ಲ. ಟೇಪು ಸುತ್ತಿದ್ದು ಬೆರಳು ಕೊಯ್ದ ಮೇಲೆ.

ಇನ್ನು ಪೈಪು. ಸುಮಾರು ಎರಡು ಅಡಿಯ ಸೀದಾ ಚೌಕ ಪೈಪಿಗೆ ಪಾಲಿಶ್ ಪೇಪರ್ ಅಂಟಿಸಿ ಎಲ್ಲ ಫ್ರೆಟ್ಟುಗಳ ತಲೆಯನ್ನು ಒಟ್ಟಿಗೆ ಉಜ್ಜಬೇಕು. ಅಲ್ಯೂಮಿನಿಯಂ ಕಿಡಕಿ ಮಾಡುವ ಅಂಗಡಿಗೆ ಹೋದೆ.

“ಯಾವ ಕಿಡಕಿಗಿ ಬೇಕಾಗಿತ್ರಿ?”

“ಕಿಡಕಿಗಲ್ರಿ, ಗಿಟಾರಿಗಿ.”

ಆತ ಹಿಂದಿನ ಹುಡುಗನ ಕಡೆ ತಿರುಗಿ ನೋಡಿದ. ಹುಡುಗ ನನ್ನ ಕಡೆ ನೋಡಿದ. ಕತ್ತರಿಸಿ ಉಳಿದ ತುಂಡುಗಳ ರಾಶಿ ತೋರಿಸಿ, ನೀವೇ ಆರಿಸ್ಕೋರಿ ಅಂದರು. ನಾನು ಅಲ್ಲೇ ಇದ್ದ ದಪ್ಪ ಗಾಜಿನ ಮೇಲೆ ಒಂದೊಂದೇ ತುಂಡು ಇಟ್ಟು, ಕೆಳಗೆ ಮೊಬೈಲಿನ ಬೆಳಕು ಹಚ್ಚಿ, ನೆಲಕ್ಕೆ ಗಲ್ಲ ಹಚ್ಚಿ ಸಂದಿನಲ್ಲಿ ಬೆಳಕು ಕಾಣುತ್ತದೆಯೋ ಅಂತ ನೋಡುತ್ತಾ ಹೋದೆ. ಕಿಡಕಿಯ ಗಾಜು ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು, ಅದರಷ್ಟು ಸಪಾಟಾದ ವಸ್ತು ಬಡವನಿಗೆ ಬೇರೆ ಸಿಗುವುದಿಲ್ಲ. ಹನ್ನೊಂದು ತುಂಡು ಬೇಡವೆಂದೆ. ಪ್ರತಿ ಸಲ “ಇದು ಡೊಂಕ ಅದರಿ” ಅಂದಾಗ ಅಂಗಡಿಯವನ ಮುಖ ಒಂದೊಂದು ಬಣ್ಣ ಕಳಕೊಳ್ಳುತ್ತಿತ್ತು. “ಸರ, ಇದೇ ಮಾಲಿನ ಕಿಡಕಿ ಅರ್ಧ ಊರಿಗಿ ಹಾಕೀನಿ ನಾ. ಸಣ್ಣ ಹೇಳ್ರಿ, ಗಿರಾಕಿ ಕುಂತಾರ.” ಹನ್ನೆರಡನೆಯದು ಸೀದಾ ಇತ್ತು. ಎಂಬತ್ತು ರೂಪಾಯಿ ತಗೊಂಡ. ತುಂಡಿಗೋ, ನಾನು ಬೇಗ ಹೋಗಲಿ ಅಂತಲೋ ತಿಳಿಯದು.

ಉಜ್ಜಿದ ಮೇಲೆ ಫ್ರೆಟ್ಟಿನ ತಲೆ ಚಪ್ಪಟೆಯಾಗುತ್ತದೆ. ಅದನ್ನು ಮತ್ತೆ ಗುಂಡಗೆ ಮಾಡಲು ಮೂರು ಮೂಲೆಯ ಸಣ್ಣ ಅರ ಬೇಕು. ಸರಾಫ್ ಬಜಾರಿನಲ್ಲಿ ಪರಿಚಯದ ಪತ್ತಾರರೊಬ್ಬರಿದ್ದಾರೆ. ಅರ ಕೊಡುವ ಮುಂಚೆ ಯಾವ ಲೋಹಕ್ಕೆ ಅಂತ ಕೇಳಿದರು. ನಾನು ಜಂಬದಿಂದ “ನಿಕ್ಕಲ್ ಸಿಲ್ವರ್” ಅಂದೆ. ಫ್ರೆಟ್ ತಂತಿಯ ತುಂಡನ್ನು ಕಲ್ಲಿಗೆ ತಿಕ್ಕಿ ನೋಡಿ, “ಕಾಕಾ, ಇದ್ರಾಗ ಬೆಳ್ಳಿ ಗುಂಜಿ ಸುದ್ದಾ ಇಲ್ಲ” ಅಂದರು. ನನಗಿಂತ ಹತ್ತು ವರ್ಷ ದೊಡ್ಡವರು ಕಾಕಾ ಅಂದದ್ದೇ ಹೆಚ್ಚು ನೋವಾಯಿತು. ಮಾತು ಮಾತ್ರ ಖರೆ. ತಾಮ್ರ, ನಿಕ್ಕಲ್ಲು, ಸತು ಸೇರಿಸಿದ ಮಾಲು, ಪೂಜೆ ಸಾಮಾನಿನ ಅಂಗಡಿಯಲ್ಲಿ ಜರ್ಮನ್ ಸಿಲ್ವರ್ ಅಂತ ಮಾರುತ್ತಾರಲ್ಲ, ಅದೇ. ಅರದ ಮೂಲೆಗಳನ್ನು ಅವರೇ ಉಜ್ಜಿ ನುಣುಪು ಮಾಡಿಕೊಟ್ಟರು, ಪಕ್ಕದ ಕಟ್ಟಿಗೆ ಕೊರೆಯಬಾರದು ಅಂತ. ನಾನು ಹೇಳಿರಲೇ ಇಲ್ಲ.

ಕೊನೆಯ ಹೊಳಪಿಗೆ ಉಕ್ಕಿನ ನವಿರು ಉಣ್ಣೆ. ತಿಕ್ಕಿದೆ, ಮಿಂಚಿತು, ನೀರು ಕುಡಿದು ಬಂದೆ. ಬೇಸಿನ ನಡುವೆ ತಂತಿಯ ಕೆಳಗೆ ಪಿಕಪ್ ಇರುತ್ತದೆ, ಅದರೊಳಗೆ ಆಯಸ್ಕಾಂತ. ಉದುರಿದ ಉಕ್ಕಿನ ಎಳೆಯೆಲ್ಲ ಅಲ್ಲಿಗೆ ವಲಸೆ ಹೋಗಿ ನೆಟ್ಟಗೆ ನಿಂತಿತ್ತು. ಮೊದಲೇ ಟೇಪು ಹಚ್ಚಿ ಮುಚ್ಚಬೇಕಿತ್ತು. “ಇದಕ ಮೀಸಿ ಬಂದಾವಲ್ಲೋ,” ಅಂದಳು ಅವ್ವ. ಎರಡು ಸಂಜೆ ಟೇಪು ಹಚ್ಚಿ ಹಚ್ಚಿ ಕಿತ್ತು ಕ್ಷೌರ ಮಾಡಿದೆ.

ಇಷ್ಟಾದರೂ ತಾಪತ್ರಯ ಇವು ಯಾವುದರಿಂದಲೂ ಆಗಲಿಲ್ಲ. ಆದದ್ದು ಪೈಪಿನಿಂದ. ಕೈಯಲ್ಲಿ ಒಂದು ಖಾತ್ರಿ ಸೀದಾ ವಸ್ತು ಬಂದರೆ ಮನುಷ್ಯ ಸುಮ್ಮನಿರುವುದಿಲ್ಲ. ಮೇಜಿನ ಮೇಲಿಟ್ಟೆ, ಹೊಟ್ಟೆ ತೆಗೆದಿತ್ತು. ಬಾಗಿಲ ಚೌಕಟ್ಟಿಗೆ ಹಿಡಿದೆ, ಬೆನ್ನು ಬಾಗಿತ್ತು. ನೆಲದ ಶಹಾಬಾದ್ ಫರ್ಸಿಯ ಮೇಲಿಟ್ಟೆ, ಅಜ್ಜನ ಕಾಲದ ಓಡಾಟ ಕಲ್ಲಿನ ತಗ್ಗಿನಲ್ಲಿ ಲೆಕ್ಕ ಬರೆದಿತ್ತು. ಅವ್ವ ರೊಟ್ಟಿ ಬಡಿಯುವ ಕಲ್ಲಿಗೂ ಇಡಲು ಹೋದೆ. ಪೈಪಿಗೆ ಹಚ್ಚಿದ ಪಾಲಿಶ್ ಪೇಪರಿನಲ್ಲಿ ಫ್ರೆಟ್ಟಿನ ಪುಡಿ ಇದ್ದದ್ದು ಮರೆತು. ಅಂದು ರಾತ್ರಿ ಪುಂಡಿಪಲ್ಯದ ಜೊತೆ ರೊಟ್ಟಿ ಕರಂ ಕರಂ ಅಂದಿತು. ಅವ್ವ ಕಲ್ಲು ತೊಳೆದು, ಹೊಸ ಹಿಟ್ಟು ನಾದಿ, ಒಂದು ಮಾತೂ ಆಡದೆ ಇನ್ನೊಂದು ರೊಟ್ಟಿ ಬಡಿದಳು. ದುಂಡಗೆ, ಅಂಚಿನಿಂದ ಅಂಚಿಗೆ ಒಂದೇ ದಪ್ಪ. ನಾನು ಬ್ಲೇಡು ತಂದು ನೋಡಲು ಧೈರ್ಯ ಮಾಡಲಿಲ್ಲ.

ಆ ಭಾನುವಾರ ಮಾಮಾ ಬಂದಿದ್ದರು. ಮೇಲಿನ ಹೊಸ ಖೋಲಿ ಅವರೇ ನಿಂತು ಕಟ್ಟಿಸಿಕೊಟ್ಟದ್ದು. ಚಹಾ ಕುಡಿಯುತ್ತಾ ಕೂತವರ ಎದುರಿಗೇ ನಾನು ಗೋಡೆಗೆ ಪೈಪು ಹಿಡಿದೆ. ನಡುವೆ ಬೆರಳು ತೂರುವಷ್ಟು ಸಂದು.

“ಏನ್ ನೋಡ್ಲತ್ತಿ ಅಲ್ಲಿ?”

“ಏನಿಲ್ಲ ಮಾಮಾ. ಪೈಪ್ ಸೀದಾ ಅದನೋ ಇಲ್ಲೋ ಅಂತ.”

ಬಚಾವಾದೆ ಅಂದುಕೊಂಡೆ. ಅವರು ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಪೈಪ್ ಡೊಂಕ ಅದ. ಒಗಿ ಅದನ,” ಅಂದರು. ಹನ್ನೊಂದು ತುಂಡಿನ ತಪಸ್ಸು ನನ್ನೊಳಗೆ ಎದ್ದು ನಿಂತಿತು. ಗಾಜು, ತವರ, ಮೊಬೈಲಿನ ಬೆಳಕು ಎಲ್ಲ ವಿವರಿಸಿದೆ. ವಿವರಿಸಬಾರದಿತ್ತು. ಅರ್ಧ ಚಹಾ ಬಿಟ್ಟು ಹೋದವರು ಈವರೆಗೆ ಫೋನು ಎತ್ತಿಲ್ಲ.

ಗಿಟಾರು ಈಗ ಬಹುಮಟ್ಟಿಗೆ ಸುಮ್ಮನಾಗಿದೆ. ಹದಿನಾಲ್ಕನೇ ಫ್ರೆಟ್ಟೊಂದು ಇನ್ನೂ ಗೊಣಗುತ್ತದೆ. ಅದನ್ನೊಂದು ಮುಗಿಸೋಣ ಅಂತ ನಿನ್ನೆ ಕೂತಾಗ ಕಿಡಕಿ ಅಂಗಡಿಯವನ ಫೋನು ಬಂತು.

“ಸರ, ಸಿಟ್ಟಾಗಬ್ಯಾಡ್ರಿ. ಅವತ್ತು ಒಯ್ದೀರಲ್ಲ, ಆ ಪೈಪ್ ಅದ ಏನ್ರಿ? ಒಬ್ಬ ಗಿರಾಕಿ ಕಿಡಕಿ ಡೊಂಕ ಅದ ಅಂತ ಜಗಳಕ್ಕ ನಿಂತಾನ. ಅಳದು ತೋರಸ್ಲಾಕ ನಮ್ಮಲ್ಲಿ ಸೀದಾದ್ದೊಂದೂ ಇಲ್ರಿ.”

ಪಾಲಿಶ್ ಪೇಪರ್ ಕಿತ್ತು ಕೊಟ್ಟು ಬಂದೆ. ಅಲ್ಲಿ ಜಗಳ ಮಾಡುತ್ತಿದ್ದ ಗಿರಾಕಿ ನನ್ನ ಮಾಮಾ.